ಮೂರು ಪೆಟ್ಟು, ಆಮೇಲೆ ಎರಡು

ಶುಕ್ರವಾರ ಬೆಳಗ್ಗೆ ಎಂಟೂಕಾಲಿಗೆ ಹಾಲಿನ ವ್ಯಾನು ಠಾಣೆಯ ಮುಂದೆ ನಿಂತು, ಕ್ಯಾನುಗಳ ನಡುವಿನಿಂದ ಒಬ್ಬ ಅಜ್ಜಿಯನ್ನು ಇಳಿಸಿ ಹೋಯಿತು. ಅಜ್ಜಿ ಪಹರೆಯವನನ್ನು ಒಂದು ಮಾತೂ ಕೇಳದೆ, ಬೆಂಚಿನ ಕಡೆ ತಿರುಗಿಯೂ ನೋಡದೆ, ನೇರ ಒಳಗೆ ಬಂದು ಇನ್ಸ್‌ಪೆಕ್ಟರ್ ಮೇಜಿನ ಎದುರು ನಿಂತಳು.

"ನಮ್ಮೂರಿನ ಜಾಗಟೆ ಕಳುವಾಗಿದೆ. ಬರ್ಕೊಳ್ಳಿ."

ದಫೇದಾರ ಪೆನ್ನು ಕೊಡವಿ ಬರೆಯಲು ಕೂತ. ಹಿರಿಯ ಮನುಷ್ಯ, ನಿವೃತ್ತಿಗೆ ಹತ್ತಿರದವನು. ಹೆಸರು, ಊರು, ಕಳುವಾದ ವಸ್ತುವಿನ ವಿವರ ಎಲ್ಲ ಕೇಳಿ ಬರೆದು ಕೊನೆಗೆ ಅಂದಾಜು ಬೆಲೆ ಎಷ್ಟು ಎಂದ. ಅಜ್ಜಿ ಅವನ ಮುಖವನ್ನೇ ನೋಡಿದಳು.

"ನಿನ್ನ ಎರಡು ಕಣ್ಣಿಗೆ ಎಷ್ಟು ಅಂತ ಬರೀತೀಯೋ ಅಷ್ಟು ಬರಿ."

ಅವಳ ಊರು ಬೆಟ್ಟದ ನೆತ್ತಿಯ ಮೇಲಿದೆ. ವಾಹನದ ರಸ್ತೆ ಬೆಟ್ಟದ ಹಿಂದಿನಿಂದ ಸುತ್ತಿ ಬರುತ್ತದೆ. ಕೆಳಗಿನ ಸಂತೆಯಿಂದ, ಶಾಲೆಯಿಂದ ಊರಿಗೆ ನಡೆದು ಬರಲು ಇರುವುದು ಒಂದೇ ಕಾಲುದಾರಿ. ಒಂದು ಪಕ್ಕ ಬಂಡೆ, ಇನ್ನೊಂದು ಪಕ್ಕ ಏನೂ ಇಲ್ಲ. ಮಂಜಿನ ತಿಂಗಳುಗಳಲ್ಲಿ ಚಾಚಿದ ಕೈ ಕಾಣುವುದಿಲ್ಲ. ಆಗ ಮೇಲೆ ಕಂಚಿನ ಜಾಗಟೆ ಬಾರಿಸುತ್ತಾರೆ. ಮೂರು ಪೆಟ್ಟು, ಸ್ವಲ್ಪ ಬಿಡುವು, ಆಮೇಲೆ ಎರಡು. ದಾರಿಯಲ್ಲಿದ್ದವರು ಆ ನಾದವನ್ನು ಬಲಗಿವಿಗೆ ಇಟ್ಟುಕೊಂಡು ಹತ್ತಿ ಬರುತ್ತಾರೆ. ಮೊದಲು ಅವಳ ಅತ್ತೆ ಬಾರಿಸುತ್ತಿದ್ದಳು, ಆಮೇಲೆ ಇವಳು. ಊರಿನವರಿಗೆಲ್ಲ ಇವಳು ಜಾಗಟೆಯಜ್ಜಿ.

ಮಂಗಳವಾರ ರಾತ್ರಿ ಪ್ರವಾಸಿಗಳ ವ್ಯಾನು ಊರಿನಲ್ಲಿ ತಂಗಿತ್ತು. ಬುಧವಾರ ವ್ಯಾನು ಹೊರಟ ಮೇಲೆ ನೋಡಿದರೆ ಜಾಗಟೆ ಇಲ್ಲ. ಸುತ್ತಲಿನ ಹಳ್ಳಿಗಳನ್ನೆಲ್ಲ ವಿಚಾರಿಸಿದ್ದಾಯಿತು. ನಿನ್ನೆ ಸಂಜೆ ಮೊದಲ ಮಂಜು ಬಿತ್ತು. ಊರಿನವರು ತಟ್ಟೆ, ತಪ್ಪಲೆ, ಡಬ್ಬ ಎಲ್ಲ ಬಡಿದರು. ಆ ಸದ್ದು ಬಂಡೆಗೆ ಬಡಿದು ಹತ್ತು ಕಡೆಯಿಂದ ಕೇಳಿತು. ಸಂತೆಯಿಂದ ಬರುತ್ತಿದ್ದ ಇಬ್ಬರು ಹೆಂಗಸರು ದಿಕ್ಕು ತಪ್ಪಿ, ದಾರಿಯಲ್ಲೇ ಒಬ್ಬರನ್ನೊಬ್ಬರು ತಬ್ಬಿಕೊಂಡು ಬೆಳಗಿನವರೆಗೂ ಕೂತಿದ್ದರು.

"ಅವರಿಗೆ ಕೂರೋಕೆ ಜಾಗ ಸಿಕ್ತು," ಎಂದಳು ಅಜ್ಜಿ. "ಮುಂದಿನವರಿಗೆ ಸಿಗುತ್ತೋ ಇಲ್ವೋ."

ಒಂಬತ್ತು ಗಂಟೆಗೆ ಎಫ್‌ಐಆರ್ ದಾಖಲಾಯಿತು. ಮಧ್ಯಾಹ್ನದ ಹೊತ್ತಿಗೆ ಇನ್ಸ್‌ಪೆಕ್ಟರ್, ದಫೇದಾರ, ಇಬ್ಬರು ಪಂಚರು ಬೆಟ್ಟದ ಮೇಲಿದ್ದರು. ಎರಡು ಕಂಬ, ಮೇಲೊಂದು ಅಡ್ಡತೊಲೆ, ತೊಲೆಯಿಂದ ಇಳಿಬಿದ್ದ ಹಗ್ಗ. ಹಗ್ಗ ಕತ್ತರಿಸಿರಲಿಲ್ಲ, ಗಂಟು ಬಿಚ್ಚಿದ್ದರು. ಹಗ್ಗದ ತುದಿ ಒಂದಿಷ್ಟೂ ಎಳೆ ಬಿಟ್ಟಿರಲಿಲ್ಲ. ಅವಸರವಿಲ್ಲದ ಕೈ ಎಂದುಕೊಂಡಳು ಇನ್ಸ್‌ಪೆಕ್ಟರ್.

"ಬಾರಿಸೋ ಕೊಡತಿ ಎಲ್ಲಿ, ಅಜ್ಜಿ?"

"ಅದನ್ನೂ ಒಯ್ದಿದಾರೆ."

"ಇಲ್ಲೇ ಇರ್ತಿತ್ತಾ?"

"ಇಲ್ಲಿಟ್ರೆ ತುದಿಯ ತೊಗಲು ನೆನೆಯುತ್ತೆ. ನನ್ನ ಒಲೆಯ ಮೇಲಿನ ಅಟ್ಟದಲ್ಲಿರ್ತಿತ್ತು."

ಇನ್ಸ್‌ಪೆಕ್ಟರ್ ಒಲೆಯ ಮೇಲಿನ ಅಟ್ಟವನ್ನು ನೋಡಿದಳು. ಹೊಗೆ ಹಿಡಿದು ಕಪ್ಪಾದ ಗಳುಗಳು. ಅಲ್ಲೊಂದು ಕೊಡತಿ ಇದೆಯೆಂದು ಹೇಳಿದವರಿಗೂ ಹುಡುಕಲು ಹೊತ್ತು ಬೇಕು.

ಅವಳು ಬೆಳೆದದ್ದು ದಿನವೂ ಕಾವ್ಯ ಓದುವ ಮನೆಯಲ್ಲಿ. ಸಂಜೆ ದೀಪ ಹಚ್ಚಿದ ಮೇಲೆ ತಾತ ರಾಗವಾಗಿ ಓದುವರು, ಇವಳು ಕಂಬಕ್ಕೆ ಒರಗಿ ಕಣ್ಣು ಮುಚ್ಚಿ ಕೇಳುವಳು. ಅರ್ಥ ಆಮೇಲೆ ಬಂತು. ಮೊದಲು ಬಂದದ್ದು ಎಲ್ಲಿ ಉಸಿರು ನಿಲ್ಲುತ್ತದೆ, ಎಲ್ಲಿ ದನಿ ನಡುಗುತ್ತದೆ ಎಂಬುದು. ಇಲಾಖೆಗೆ ಸೇರಿ ಇಪ್ಪತ್ತು ವರ್ಷವಾದರೂ ಅವಳಿಗೆ ಕಣ್ಣಿಗಿಂತ ಕಿವಿಯೇ ಮುಂದು.

"ಅದರ ನಾದ ಹೇಗಿತ್ತು ಅಂತ ಹೇಳ್ತೀರಾ?"

ಅಜ್ಜಿ ಹೇಳಲಿಲ್ಲ. ಕಣ್ಣು ಮುಚ್ಚಿ, ಹೊಟ್ಟೆಯೊಳಗಿನಿಂದ ದನಿ ಎತ್ತಿ ಬಾಯಿಂದಲೇ ಬಾರಿಸಿದಳು. ಢಣ್... ಢಣ್... ಢಣ್. ಬಿಡುವು. ಢಣ್, ಢಣ್. ಕೊನೆಯ ಪೆಟ್ಟು ಇಳಿಯುವಾಗ ತುಟಿ ಬಿಗಿಹಿಡಿದು ಸಣ್ಣಗೆ ಝೇಂಕರಿಸಿದಳು. ಅಂಚಿನಲ್ಲಿ ಉಗುರುದ್ದ ಬಿರುಕಿದೆ, ಅದಕ್ಕೇ ಕೊನೆಗೊಂದು ಜೇನುಹುಳ ಹಾರಿದ ಹಾಗಾಗುತ್ತದೆ ಎಂದಳು. ಇನ್ಸ್‌ಪೆಕ್ಟರ್ ಇನ್ನೊಮ್ಮೆ ಮಾಡಿಸಿ ಕೇಳಿದಳು, ಮತ್ತೊಮ್ಮೆ ಮಾಡಿಸಿ ಕೇಳಿದಳು. ಜೇನುಹುಳವನ್ನು ಪಂಚನಾಮೆಯಲ್ಲಿ ಬರೆಯಬೇಕೇ ಬೇಡವೇ ಎಂದು ತಿಳಿಯದೆ ದಫೇದಾರ ಪೆನ್ನು ಕಚ್ಚಿಕೊಂಡು ನಿಂತ.

ಆ ವಾರದ ಪ್ರವಾಸಿಗಳು ಆರು ಮಂದಿ. ಅವರಲ್ಲೊಬ್ಬ ಹಳೇ ಸಾಮಾನು ಕೂಡಿಡುವ ಸಾಹುಕಾರ. ದಫೇದಾರನಿಗೆ ಕೇಸು ಅಲ್ಲಿಗೇ ಮುಗಿದ ಹಾಗೆ ಕಂಡಿತು. ಶನಿವಾರ ಶೋಧನಾ ವಾರಂಟು ಹಿಡಿದು ಸಾಹುಕಾರನ ಮನೆ ಹೊಕ್ಕರು. ಮುಖವಾಡಗಳಿದ್ದವು, ಬೀಗಗಳಿದ್ದವು, ಕಾಲು ಮುರಿದ ಕುರ್ಚಿಗಳಿದ್ದವು, ಎಲ್ಲಕ್ಕೂ ರಸೀದಿ ಇತ್ತು. ಜಾಗಟೆ ಇರಲಿಲ್ಲ. ಸಾಹುಕಾರನಿಗೆ ಸಿಟ್ಟು ಬರಲಿಲ್ಲ, ನಗು ಬಂತು.

"ಕೊಡತೀನೂ ಹೋಗಿದೆಯಾ? ಹಾಗಾದ್ರೆ ನನ್ನಂಥವನಲ್ಲ ಬಿಡಿ ಮೇಡಂ. ಗೋಡೆಗೆ ನೇತುಹಾಕೋನಿಗೆ ಕೊಡತಿ ಯಾಕೆ? ಈ ಮನೇಲಿ ಜಾಗಟೆ ಬಾರಿಸಿದ್ರೆ ನನ್ನ ಹೆಂಡತಿ ನನ್ನನ್ನೇ ನೇತುಹಾಕ್ತಾಳೆ."

ಜೀಪು ಠಾಣೆಯ ಮುಂದೆ ನಿಂತಾಗ ಇನ್ಸ್‌ಪೆಕ್ಟರ್ ಹೇಳಿದಳು, ಕದ್ದವರಿಗೆ ಬೇಕಾಗಿದ್ದದ್ದು ಕಂಚಲ್ಲ, ನಾದ. ಅದನ್ನು ಒಯ್ದವರು ಎಲ್ಲೋ ಬಾರಿಸಲಿಕ್ಕೇ ಒಯ್ದಿದ್ದಾರೆ. ಅಷ್ಟು ಭಾರದ್ದನ್ನು ಎರಡು ಆಳೆತ್ತರದ ತೊಲೆಯಿಂದ ಬಿಚ್ಚಿ, ಕಾಲುದಾರಿಯಲ್ಲಿ ಹೊತ್ತು ಇಳಿಸುವುದು ಆಗದ ಮಾತು. ಅಂದರೆ ಹೋಗಿರುವುದು ಆ ವ್ಯಾನಿನಲ್ಲೇ.

"ವ್ಯಾನು ಜಪ್ತಿ ಮಾಡೋಣ್ವಾ ಮೇಡಂ?"

"ಬೇಡ. ಟಿಕೆಟ್ ತಗೊಳ್ಳೋಣ. ಸೋಮವಾರದಿಂದ ನೀವು ನನ್ನ ಚಿಕ್ಕಪ್ಪ."

ಸೋಮವಾರ ಬೆಳಗ್ಗೆ ಆರಕ್ಕೆ ವ್ಯಾನು ಹೊರಟಿತು. ನಾಲ್ಕು ದಿನ, ಬೆಟ್ಟಗಳ ಮೇಲಿನ ಏಳು ಹಳ್ಳಿ. ಹಿಂಬಾಗಿಲಿಗೆ ಸ್ಟೆಪ್ನಿ ಚಕ್ರ ಬಿಗಿದಿತ್ತು. ಚಾಲಕನಿಗೆ ಮಾತಿಗಿಂತ ಹಾರ್ನೇ ಹೆಚ್ಚು. ಒಳಗೆ ಹೊಸದಾಗಿ ಮದುವೆಯಾದ ಜೋಡಿ, ನಿವೃತ್ತ ಶಿಕ್ಷಕಿಯರಾದ ಅಕ್ಕ ತಂಗಿ, ಮತ್ತು ಈ 'ಚಿಕ್ಕಪ್ಪ' ಹಾಗೂ ಮಗಳು. ಎಲ್ಲರನ್ನೂ ನಡೆಸಿಕೊಂಡು ಹೋಗುವ ಮಾರ್ಗದರ್ಶಿ ಮೂವತ್ತೈದರ ಚುರುಕು ಮನುಷ್ಯ. ಬಾಯಿ ಒಂದು ಗಳಿಗೆ ಮುಚ್ಚುವುದಿಲ್ಲವೆಂದು ದಾರಿಯುದ್ದಕ್ಕೂ ಎಲ್ಲರೂ ಅವನನ್ನು ರೇಡಿಯೋ ಎಂದೇ ಕರೆಯುತ್ತಾರೆ.

"ಎಡಗಡೆ ನೋಡಿ, ಬೆಟ್ಟ," ಎಂದ ರೇಡಿಯೋ ಮೊದಲನೇ ತಿರುವಿನಲ್ಲಿ. "ಬಲಗಡೆ ನೋಡ್ಬೇಡಿ."

ಎಲ್ಲರೂ ಬಲಗಡೆ ನೋಡಿದರು. ದಫೇದಾರ ಕಣ್ಣು ಮುಚ್ಚಿ ಪ್ಲಾಸ್ಟಿಕ್ ಚೀಲ ಹಿಡಿದುಕೊಂಡ. ಆಮೇಲೆ ನಾಲ್ಕು ದಿನವೂ ಆ ಚೀಲ ಅವನ ಕೈಬಿಡಲಿಲ್ಲ.

ಇನ್ಸ್‌ಪೆಕ್ಟರ್ ಬಂದದ್ದು ಕೆಲಸದ ಮೇಲೆ. ಆದರೂ ಎದೆ ಅವಳ ಮಾತು ಕೇಳಲಿಲ್ಲ. ತಿರುವು ಕಳೆದು ತಿರುವು ಬಂದಂತೆ ಬೆಟ್ಟದ ಹಿಂದೆ ಬೆಟ್ಟ ಎದ್ದು ಬಂತು, ಮೋಡ ಕಾಲ ಕೆಳಗೆ ಇಳಿಯಿತು, ಹೊಳೆ ದಾರದಷ್ಟು ಸಣ್ಣದಾಯಿತು. ಮರದ ಕಾಲುಗಳ ಮೇಲೆ ನಿಂತ ಮನೆಗಳು, ಮಗ್ಗದ ಪಟ್ಟಿಯನ್ನು ಸೊಂಟಕ್ಕೆ ಕಟ್ಟಿಕೊಂಡು ನೇಯುವ ಹೆಂಗಸರು. ಅವರಲ್ಲೊಬ್ಬಳು ದಫೇದಾರನ ಹೊಟ್ಟೆಯ ಸುತ್ತಳತೆ ತೆಗೆದು, ಇದಕ್ಕೆ ಒಂದು ಮಗ್ಗ ಸಾಲದು ಎಂದಾಗ ಊರಿಗೆ ಊರೇ ನಕ್ಕಿತು. ಪ್ರತಿ ಮನೆಯ ಕಷ್ಟಸುಖ ರೇಡಿಯೋಗೆ ಗೊತ್ತು. ಯಾರ ಹಸು ಕರು ಹಾಕಿತು, ಯಾರ ಅಳಿಯ ಮುನಿಸಿಕೊಂಡ, ಎಲ್ಲ ಕೇಳುತ್ತಲೇ ಮುಂದೆ ಹೋಗುವನು. ಹಳ್ಳಿಯವರು ಅವನನ್ನು ಮನೆಮಗನ ಹಾಗೆ ಗದರುತ್ತಿದ್ದರು. ಇವನಾಗಿರಲಿಕ್ಕಿಲ್ಲ ಎಂದಿತು ಇನ್ಸ್‌ಪೆಕ್ಟರ್ ಮನಸ್ಸು. ಇವನಾಗದಿರಲಿ ಎಂದೂ ಅಂದಿತು. ಅದು ಸರಿಯಲ್ಲವೆಂದು ಅವಳಿಗೆ ಗೊತ್ತಿತ್ತು.

ಮಂಗಳವಾರ ಮಧ್ಯಾಹ್ನ ವ್ಯಾನು ಜಾಗಟೆಯಜ್ಜಿಯ ಊರು ಮುಟ್ಟಿತು. ಗುರುತು ತೋರಿಸಬೇಡಿ ಎಂದು ಅಜ್ಜಿಗೂ ಊರಿನವರಿಗೂ ಮೊದಲೇ ಹೇಳಿ ಕಳಿಸಿದ್ದರು. ಅಜ್ಜಿ ಅದನ್ನು ಎಷ್ಟು ಮನಸಿಟ್ಟು ಪಾಲಿಸಿದಳೆಂದರೆ, ಇನ್ಸ್‌ಪೆಕ್ಟರ್ ಎದುರು ಬಂದಾಗಲೆಲ್ಲ ಆಕಾಶ ನೋಡಿಕೊಂಡು ನಿಂತಳು. ಪಾಪ, ಅಜ್ಜಿಗೆ ಕತ್ತು ಹಿಡಿದಿರಬೇಕು ಎಂದಳು ಶಿಕ್ಷಕಿ ಅಕ್ಕ.

ರೇಡಿಯೋ ಎಲ್ಲ ತೋರಿಸಿದ. ಬೀಸುವ ಕಲ್ಲು, ಧಾನ್ಯದ ಗುಡಾಣ, ಊರಿನ ಮೊದಲ ಮನೆ, ಊರಿನ ಮೊದಲ ಜಗಳ ನಡೆದ ಜಾಗ. ಖಾಲಿ ತೊಲೆಯ ಹತ್ತಿರ ಬಂದಾಗ ಮಾತ್ರ ಅವನ ಹೆಜ್ಜೆ ಉದ್ದವಾಯಿತು.

"ಇದೇನಪ್ಪ, ಉಯ್ಯಾಲೆಯಾ?" ಎಂದಳು ಶಿಕ್ಷಕಿ ತಂಗಿ.

"ಹ್ಞೂಂ ಅಮ್ಮ, ಹಾಗೇ ಏನೋ," ಎಂದ ರೇಡಿಯೋ ತಿರುಗದೆ.

ಅವನ ಮಾತು ನಡುವೆ ಕಡಿದದ್ದು ಇನ್ಸ್‌ಪೆಕ್ಟರ್ ಕಿವಿಗೆ ಬಿತ್ತು. ಓದುತ್ತಾ ಹೋದ ತಾತ ಒಂದು ಸಾಲು ಬಿಟ್ಟು ಮುಂದಿನದಕ್ಕೆ ಹಾರಿದ ಹಾಗೆ.

ಸಂಜೆ ಕೊಟ್ಟಿಗೆಯ ಹಿಂದೆ ಅಜ್ಜಿ ಸಿಕ್ಕಳು. ಇನ್ಸ್‌ಪೆಕ್ಟರ್ ಕೇಳಿದ್ದು ಒಂದೇ, ಒಲೆಯ ಮುಂದೆ ಕೂತು ಹೋಗುವ ಹೊರಗಿನವರು ಯಾರು ಎಂದು.

"ಈ ಹುಡುಗ. ಪ್ರತಿ ವಾರ ನನ್ನ ಮಂಡಿನೋವಿಗೆ ಮಾತ್ರೆ ತರ್ತಾನೆ, ಒಲೆ ಮುಂದೆ ಕೂತು ಟೀ ಕುಡೀತಾನೆ. ಇವತ್ತು ಮಾತ್ರೇನ ಪಕ್ಕದ ಮನೇಲಿ ಕೊಟ್ಟು ಹೋದ." ಸೆರಗಿನಿಂದ ಮೂಗು ಒರೆಸಿಕೊಂಡಳು. "ನನಗೂ ಅರ್ಥವಾಯ್ತು. ಆದ್ರೆ ಟೀ ಕಾಯಿಸಿಟ್ಟಿದ್ದೆ."

ದಫೇದಾರ ಅಲ್ಲೇ ಹಿಡಿದುಬಿಡೋಣ ಎಂದ. ಇನ್ಸ್‌ಪೆಕ್ಟರ್ ಒಪ್ಪಲಿಲ್ಲ. ಮಾಲು ಸಿಗದೆ ಹಿಡಿದರೆ ಟೀ ಕುಡಿಯದ ತಪ್ಪಿಗೆ ಕೇಸು ಹಾಕಬೇಕಾಗುತ್ತದೆ. ಹೆದರಿಸಿದರೆ ಜಾಗಟೆ ಯಾವ ಪ್ರಪಾತ ಸೇರುತ್ತದೋ ಹೇಳಲಾಗದು. ದಫೇದಾರ ಸರಿ ಮೇಡಂ ಎಂದು ಅಭ್ಯಾಸಬಲದಿಂದ ಹಿಮ್ಮಡಿ ಕೂಡಿಸಿ ಸೆಲ್ಯೂಟ್ ಹೊಡೆದ. ಬೇಲಿಯಾಚೆ ಯಾರೋ ನಡೆದು ಹೋದ ಹಾಗಾಯಿತು.

ಬುಧವಾರ ಚಪ್ಪಲಿ ಹುಡುಕುವ ನೆಪದಲ್ಲಿ ದಫೇದಾರ ಹಿಂದಿನ ಸೀಟಿನ ಕೆಳಗೆ ತೆವಳಿದ. ಅಲ್ಲಿ ಹಾಸಿದ್ದ ಗೋಣಿಯ ಮೇಲೆ ತಟ್ಟೆಯಗಲಕ್ಕೂ ದೊಡ್ಡದಾದ ಒಂದು ದುಂಡನೆಯ ಹಸಿರು ಕಲೆ. ಕಂಚಿನ ಕಿಲುಬು. ಹೊರಬಂದ ಅವನ ಮುಖ ಅದಕ್ಕಿಂತ ಹಸಿರಾಗಿತ್ತು, ಆದರೆ ಕಣ್ಣು ಹೊಳೆಯುತ್ತಿತ್ತು.

ಇನ್ನು ಉಳಿದದ್ದು ಒಂದೇ ಹಳ್ಳಿ. ಕಣಿವೆಯ ಆಚೆ ದಡದ್ದು. ಅದು ರೇಡಿಯೋನ ಊರು ಎಂದು ಹೇಳಿದ್ದು ಚಾಲಕ, ಮೂರು ದಿನಕ್ಕೆ ಅವನಾಡಿದ ಅತಿ ಉದ್ದದ ಮಾತು ಅದು.

ಗುರುವಾರ ಮಧ್ಯಾಹ್ನ ಮೂರರ ಹೊತ್ತಿಗೆ ವ್ಯಾನು ಕಣಿವೆಯ ಬಾಯಿಯಲ್ಲಿ ನಿಂತಿತು. ಎಲ್ಲ ಪ್ರವಾಸಿಗಳೂ ಫೋಟೋ ತೆಗೆದುಕೊಳ್ಳುವ ತಿರುವು. ಹೊಸ ಜೋಡಿ ಅಂಚಿನಲ್ಲಿ ನಿಂತು ನಗುತ್ತಿತ್ತು. ಶಿಕ್ಷಕಿಯರು ಯಾರು ಎತ್ತರ ಕಾಣಬೇಕೆಂದು ಜಗಳಾಡುತ್ತಿದ್ದರು. ರೇಡಿಯೋ ಒಬ್ಬನೇ ಕಣಿವೆಗೆ ಬೆನ್ನು ಹಾಕಿ, ವ್ಯಾನಿಗೆ ಒರಗಿ, ಬಂಡೆಯನ್ನು ನೋಡುತ್ತಿದ್ದ.

ಆಮೇಲೆ ಮಂಜು ಬಂತು. ಮೊದಲು ಕಣಿವೆ ಹೋಯಿತು, ಆಮೇಲೆ ರಸ್ತೆ ಹೋಯಿತು, ಆಮೇಲೆ ವ್ಯಾನಿನ ಮೂತಿಯೇ ಹೋಯಿತು. ಚಾಲಕ ಕಿಟಕಿಯಿಂದ ತಲೆ ಹೊರಗೆ ಹಾಕಿ ಇರುವೆಯ ಹಾಗೆ ಗಾಡಿ ಬಿಟ್ಟ. ಹಾರ್ನ್ ಹೊಡೆದ, ನಿಂತ, ಮತ್ತೆ ಬಿಟ್ಟ. ಇದ್ದಕ್ಕಿದ್ದಂತೆ ಬಲ ಮುಂಚಕ್ರದ ಕೆಳಗಿನಿಂದ ಕಲ್ಲುಗಳು ಜಾರಿದ ಸದ್ದು. ಅವು ಬಿದ್ದು ನಿಂತ ಸದ್ದು ಬರಲೇ ಇಲ್ಲ.

ಬ್ರೇಕು ಬಿತ್ತು. ವ್ಯಾನು ಬಲಕ್ಕೆ ವಾಲಿ ನಿಂತಿತು. ಶಿಕ್ಷಕಿ ತಂಗಿ ಅಕ್ಕನ ಕೈ ಹಿಡಿದಳು, ಅಕ್ಕ ಬಿಡಿಸಿಕೊಳ್ಳಲಿಲ್ಲ. ಮುಂದೆ ಯಾವ ಕಡೆ ನೆಲ, ಯಾವ ಕಡೆ ಗಾಳಿ, ಚಾಲಕನಿಗೂ ತಿಳಿಯಲಿಲ್ಲ. ಅವನು ಅಂಗೈಯನ್ನು ಹಾರ್ನಿನ ಮೇಲೆ ಒತ್ತಿ ಹಿಡಿದ.

ಹಾರ್ನ್ ನಿಂತಿತು. ಬೆಳ್ಳಗಿನ ಮೌನ. ಆ ಮೌನದೊಳಗಿನಿಂದ ಬಂತು.

ಢಣ್... ಢಣ್... ಢಣ್.

ಇನ್ಸ್‌ಪೆಕ್ಟರ್ ಕಣ್ಣು ಮುಚ್ಚಿದಳು. ಬಿಡುವು. ಢಣ್, ಢಣ್. ಕೊನೆಯ ಪೆಟ್ಟಿನ ಬಾಲದಲ್ಲಿ, ಮಂಜಿನಾಚೆ, ಒಂದು ಜೇನುಹುಳ ಹಾರಿತು. ಕಣ್ಣು ತೆರೆದಾಗ ರೇಡಿಯೋ ಕೂಡ ಕಣ್ಣು ಮುಚ್ಚಿ ಕೂತಿದ್ದ.

ಅವನು ಬೇಗ ಎದ್ದ.

"ಯಾರೂ ಅಲ್ಲಾಡ್ಬೇಡಿ. ನಾದ ಎಡಕ್ಕಿದೆ, ರಸ್ತೆ ಎಡಕ್ಕೆ. ಅಣ್ಣಾ, ಒಂದು ಗೇಣು ಹಿಂದೆ ತಗೋ. ನಾನು ಮುಂದೆ ನಡೀತೀನಿ, ನನ್ನ ದನಿ ಹಿಡ್ಕೊಂಡು ಬಾ."

ಎಡಬಾಗಿಲಿನಿಂದ ಇಳಿದು ಬಾನೆಟ್ಟಿನ ಮೇಲೆ ಕೈಯಿಟ್ಟು ನಡೆದ. ಅವನ ಬೆನ್ನಿಗೇ ಇನ್ಸ್‌ಪೆಕ್ಟರ್ ಇಳಿದಳು. ಓಡಿಹೋಗುತ್ತಾನೆಂಬ ಅನುಮಾನದಿಂದಲ್ಲ. ಓಡಲು ಅಲ್ಲಿ ನೆಲವಿರಲಿಲ್ಲ. ಜಾಗಟೆ ಮೂರು ಎರಡು, ಮೂರು ಎರಡು ಎಂದು ಕರೆಯುತ್ತಲೇ ಇತ್ತು. ಒಂದೊಂದು ಪೆಟ್ಟಿಗೂ ಒಂದೊಂದು ಹೆಜ್ಜೆ. ವ್ಯಾನು ಕಟ್ಟಿದ ದನದ ಹಾಗೆ ಹಿಂದೆ ಬಂತು.

"ಬಾರಿಸ್ತಿರೋದು ಯಾರು?" ಎಂದಳು.

"ನನ್ನಕ್ಕ."

"ಬಾರಿಸಬೇಡ ಅಂದಿರಲಿಲ್ವಾ?"

ಅವನು ಬಾನೆಟ್ಟನ್ನು ಎರಡು ಸಲ ತಟ್ಟಿ, ಚಾಲಕನಿಗೆ ಬಾ ಎಂದ.

"ಮಂಗಳವಾರ ರಾತ್ರೀನೇ ಫೋನ್ ಮಾಡಿದ್ದೆ ಮೇಡಂ. ವ್ಯಾನು ದಾಟೋವರೆಗೂ ಹುಲ್ಲಿನಲ್ಲಿ ಮುಚ್ಚಿಡು ಅಂದಿದ್ದೆ." ಸ್ವಲ್ಪ ನಕ್ಕ. "ಚಿಕ್ಕಪ್ಪ ಮಗಳಿಗೆ ಸೆಲ್ಯೂಟ್ ಹೊಡೆಯೋದನ್ನ ನಾನೆಲ್ಲೂ ನೋಡಿಲ್ಲ."

ನಾಲ್ಕೂ ಮುಕ್ಕಾಲಿಗೆ ಚಕ್ರಗಳು ಊರಿನ ಕಲ್ಲುಚಪ್ಪಡಿ ಮುಟ್ಟಿದವು. ಎರಡು ಹಸಿ ಕಂಬಗಳ ನಡುವೆ ಜಾಗಟೆ ತೂಗುತ್ತಿತ್ತು, ಅದರ ಮೈಗೆ ಇನ್ನೂ ಹುಲ್ಲಿನ ಎಸಳು ಅಂಟಿದ್ದವು. ಕೊಡತಿ ಹಿಡಿದ ಹೆಂಗಸಿನ ಅಂಗೈ ಬೊಬ್ಬೆ ಎದ್ದಿತ್ತು. ತಮ್ಮನನ್ನು ನೋಡಿ ಅವಳು ಮೊದಲು ಆಡಿದ್ದು ತಪ್ಪೊಪ್ಪಿಗೆಯ ಹಾಗಿತ್ತು.

"ಹಾರ್ನ್ ಕೇಳ್ತು ಕಣೋ. ನೀನು ಬೇಡ ಅಂದಿದ್ದೆ, ಆದ್ರೆ ಹೇಗೆ ಸುಮ್ನೆ ಕೂರಲಿ?"

ಇನ್ಸ್‌ಪೆಕ್ಟರ್ ತಾನು ಯಾರೆಂದು ಹೇಳಿದಳು. ಇದು ಎಲ್ಲಿಂದ ಬಂತು ಎಂದು ಕೇಳಿದಳು. ತಮ್ಮ ಇದನ್ನು ಪೇಟೆಯಲ್ಲಿ ಕೊಂಡು ತಂದ ಎಂದಳು ಅಕ್ಕ. ರೇಡಿಯೋ ತಲೆ ತಗ್ಗಿಸಿ ಅಲ್ಲ ಎಂದ. ಯಾವ ಊರಿನದು, ಯಾವ ತೊಲೆಯದು, ಯಾರ ಒಲೆಯ ಮೇಲಿನ ಕೊಡತಿ, ಎಲ್ಲ ತಾನಾಗಿಯೇ ಹೇಳಿದ. ಚಾಲಕ ನಿದ್ದೆಯಲ್ಲಿದ್ದಾಗ ಒಬ್ಬನೇ ಬಿಚ್ಚಿ ತಂದಿದ್ದ. ಅಕ್ಕ ಕೇಳುತ್ತಾ ಕೇಳುತ್ತಾ ಕೊಡತಿಯನ್ನು ನೆಲಕ್ಕೆ ಇಳಿಸಿದಳು.

"ಅಲ್ಲೂ ಮಂಜು ಬರುತ್ತಲ್ಲೋ," ಎಂದಳು.

ಅಷ್ಟೇ ಅಂದದ್ದು. ಏಣಿ ತಂದು, ಹತ್ತಿ, ಅವಳೇ ಗಂಟು ಬಿಚ್ಚಿದಳು. ಸಹಾಯಕ್ಕೆ ಬಂದ ದಫೇದಾರನಿಗೆ ಭಾರವನ್ನು ಇಳಿಸಿಕೊಟ್ಟಳು. ತಮ್ಮನ ಕಡೆ ನೋಡಲಿಲ್ಲ.

ಪಂಚನಾಮೆಗೆ ಶಿಕ್ಷಕಿಯರೇ ಪಂಚರಾದರು. ಶಿಕ್ಷಕಿ ಅಕ್ಕ ಪ್ರತಿ ಸಾಲನ್ನೂ ಗಟ್ಟಿಯಾಗಿ ಓದಿಸಿದಳು, ತಂಗಿ ಪ್ರತಿ ಸಾಲಿಗೂ ತಕರಾರು ತೆಗೆದಳು. ಕಂಚಿನ ಜಾಗಟೆ ಒಂದು, ಅಂಚಿನಲ್ಲಿ ಉಗುರುದ್ದ ಬಿರುಕು, ತೊಗಲು ಸುತ್ತಿದ ಕೊಡತಿ ಒಂದು. ದಫೇದಾರ ಮೇಡಂ ಮುಖ ನೋಡಿ, ಧೈರ್ಯ ಮಾಡಿ, ಬಾರಿಸಿದಾಗ ಕೊನೆಯಲ್ಲಿ ಜೇನುಹುಳದಂಥ ಸದ್ದು ಎಂದು ಸೇರಿಸಿದ. ಸಂಜೆ ಆರೂಕಾಲಿಗೆ ಆರೋಪಿಯ ದಸ್ತಗಿರಿಯಾಯಿತು. ಬೇಡಿ ಹಾಕಬೇಕೇ ಎಂದು ದಫೇದಾರ ಕೇಳಿದಾಗ, ನಾಳೆ ಇದೇ ರಸ್ತೆಯಲ್ಲಿ ನಮ್ಮನ್ನು ಇಳಿಸಿಕೊಂಡು ಹೋಗುವವನು ಅವನೇ ತಾನೆ ಎಂದಳು ಇನ್ಸ್‌ಪೆಕ್ಟರ್.

ಮರುದಿನ ಠಾಣೆಯಲ್ಲಿ ಹೇಳಿಕೆ ದಾಖಲಾಯಿತು. ಹೋದ ವರ್ಷದ ಮಂಜಿನಲ್ಲಿ ಅವನ ಭಾವ ಸಂತೆಯಿಂದ ಮರಳಲಿಲ್ಲ. ಸಿಕ್ಕಿದ್ದು ಮೂರನೇ ದಿನ, ಪ್ರವಾಸಿಗಳು ಫೋಟೋ ತೆಗೆಯುವ ತಿರುವಿನ ಕೆಳಗೆ. ಅಲ್ಲಿಂದೀಚೆಗೆ ಪ್ರತಿ ಗುರುವಾರ ಅವನು ಅದೇ ತಿರುವಿನಲ್ಲಿ ವ್ಯಾನು ನಿಲ್ಲಿಸಬೇಕು, ನಗಿಸಬೇಕು. ಪ್ರತಿ ಮಂಗಳವಾರ ಅಜ್ಜಿಯ ಒಲೆಯ ಮುಂದೆ ಕೂತು, ಅವಳ ಊರಿನವರು ನಾದ ಹಿಡಿದು ಮನೆ ಸೇರುವುದನ್ನು ಕೇಳಬೇಕು. ಅಂಥ ಜಾಗಟೆ ಎರಕ ಹೊಯ್ಯುವವರನ್ನು ಹುಡುಕಿ ಅಲೆದಿದ್ದ, ಯಾರೂ ಸಿಗಲಿಲ್ಲ. ಅಕ್ಕನ ಮಗಳು ಈ ವರ್ಷ ಕಣಿವೆಯಾಚೆಯ ಶಾಲೆಗೆ ಸೇರಿದ್ದಳು.

ಮುಂದಿನ ವಾರ ನ್ಯಾಯಾಲಯ ಮುಚ್ಚಳಿಕೆಯ ಮೇಲೆ ಜಾಗಟೆಯನ್ನು ಅಜ್ಜಿಗೆ ಬಿಟ್ಟುಕೊಟ್ಟಿತು. ಕೇಸು ವಾಪಸು ತಗೊಳ್ಳುತ್ತೀರಾ ಎಂದು ಯಾರೋ ಕೇಳಿದರು. ಇಲ್ಲ, ಅವನು ಬಂದು ಕೇಳಿದ್ದರೆ ಹಗಲು ನನಗೆ, ಇರುಳು ನಿನಗೆ ಅಂತ ಏನಾದರೂ ದಾರಿ ಹುಡುಕುತ್ತಿದ್ದೆ, ಕೇಳಲಿಲ್ಲವಲ್ಲ ಎಂದಳು ಅಜ್ಜಿ. ಹೋಗುವಾಗ ಲಾಕಪ್ಪಿನ ಮುಂದೆ ನಿಂತು, ಫ್ಲಾಸ್ಕಿನಿಂದ ಟೀ ಬಗ್ಗಿಸಿ ಸರಳಿನ ನಡುವೆ ಚಾಚಿದಳು.

"ಕುಡಿ. ಹೋದ ವಾರದ್ದು ಬಾಕಿ ಇತ್ತು."

ಅವನು ಎರಡೂ ಕೈಯಲ್ಲಿ ಲೋಟ ಹಿಡಿದುಕೊಂಡ. ರೇಡಿಯೋ ಅಳುವುದನ್ನು ದಫೇದಾರ ಮೊದಲ ಸಲ ನೋಡಿದ್ದು ಆಗ.

ಆ ದಿನವೇ ಸಂಜೆ ಐದರ ಹೊತ್ತಿಗೆ ಇನ್ಸ್‌ಪೆಕ್ಟರ್ ಫೋನು ಬಡಿದುಕೊಂಡಿತು. ವ್ಯಾನಿನ ಚಾಲಕ.

"ಮೇಡಂ, ಮಂಜು ಬಿದ್ದಿದೆ," ಎಂದ. "ಸ್ಟೆಪ್ನಿ ಟೈರು ಬಿಚ್ಚಿದೀನಿ. ಅದರ ಡಿಸ್ಕು ಅವನೂರಿನ ಆ ಜಾಗಟೆ ಕಂಬಕ್ಕೆ ಕಟ್ಟಿದೀನಿ. ಅವನಿಗೆ ಕೇಳಿಸ್ತೀರಾ?"

ಅವಳು ಎದ್ದು, ಲಾಕಪ್ಪಿನ ಹತ್ತಿರ ಹೋಗಿ, ಫೋನನ್ನು ಸರಳಿನೊಳಕ್ಕೆ ಹಿಡಿದಳು. ದೂರದಲ್ಲಿ ಕಬ್ಬಿಣ ಮೊಳಗಿತು. ಒರಟು ದನಿ, ಜೇನುಹುಳವಿರಲಿಲ್ಲ. ಮೂರು ಪೆಟ್ಟು, ಬಿಡುವು, ಎರಡು. ನಡುವೆ ಎಲ್ಲೋ ಒಂದು ಹೆಣ್ಣುಮಗು, ಬಂದೆ ಅಮ್ಮಾ ಎಂದು ಕೂಗಿದ್ದು ಕೇಳಿತು.

ರೇಡಿಯೋ ಕಣ್ಣು ಮುಚ್ಚಿ ಕೊನೆಯವರೆಗೂ ಕೇಳಿದ.

"ಇನ್ನೂ ಒಂದು ಮೊಳ ಎತ್ತರಕ್ಕೆ ಕಟ್ಟೋಕೆ ಹೇಳಿ ಮೇಡಂ," ಎಂದ. "ತಿರುವಿನವರೆಗೂ ಹೋಗ್ಬೇಕು."

ಅವಳು ಫೋನನ್ನು ಕಿವಿಗಿಟ್ಟುಕೊಂಡು, ಅವನು ಹೇಳಿದ್ದನ್ನು ಹಾಗೆಯೇ ಹೇಳಿದಳು.